ಸುಂಯ್ ಎನ್ನುವ ಎದೆ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿದರೆ ಶಿರಸಿ, ಸಿದ್ದಾಪುರದ ಕಡೆಯ ಮಕ್ಕಳಿಗೆ ನಡುರಾತ್ರಿ ಎದೆಯೊಳಗೆ ಒಂದು ಸದ್ದು ಏಳುತ್ತದೆ. ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದ ಹಾಗೆ, ಸುಂಯ್ ಎಂದು. ಹಿರಿಯರು ಗೂರಲು ಎಂದರು, ಉಬ್ಬಸ ಎಂದರು. ವೈದ್ಯರ ಚೀಟಿಯಲ್ಲಿ ಅದು ಅಸ್ತಮಾ. ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಆ ಸದ್ದು ಕೇಳಿ ಹೆದರಿದ್ದಕ್ಕಿಂತ, ಅದು ನಿಂತಾಗ ಹೆದರಿದ್ದೇ ಹೆಚ್ಚು.

ಒಂದು ಆಷಾಢದ ರಾತ್ರಿ ಆರು ವರ್ಷದ ಹುಡುಗನನ್ನು ಜೀಪಿನಲ್ಲಿ ಕರೆತಂದರು. "ಸಿಸ್ಟರ್, ಈಗ ಸದ್ದು ನಿಂತಿದೆ. ಮಾಣಿಗೆ ನಿದ್ದೆ ಹತ್ತಿದೆ" ಎಂದು ತಾಯಿ ಸಮಾಧಾನದಿಂದಲೇ ಹೇಳಿದರು. ಅದು ನಿದ್ದೆಯಾಗಿರಲಿಲ್ಲ. ಸದ್ದು ಮಾಡುವಷ್ಟು ಗಾಳಿಯೂ ಓಡಾಡದಂತೆ ಶ್ವಾಸನಾಳಗಳು ಬಿಗಿದುಕೊಂಡಿದ್ದವು. ಆಮ್ಲಜನಕ ಕೊಟ್ಟೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಔಷಧವನ್ನು ಮಂಜಾಗಿಸುವ ನೆಬ್ಯುಲೈಸರಿನಲ್ಲಿ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್, ಜೊತೆಗೆ ಅಂಥದ್ದೇ ಇಪ್ರಾಟ್ರೋಪಿಯಂ, ರಕ್ತನಾಳಕ್ಕೆ ಬಾವು ಇಳಿಸುವ ಸ್ಟೀರಾಯ್ಡ್, ಅದಕ್ಕೂ ಬಗ್ಗದಿದ್ದಾಗ ಮೆಗ್ನೀಸಿಯಂ ಸಲ್ಫೇಟ್. ಬೆಳಗಿನ ಜಾವ ಎದೆ ಮತ್ತೆ ಸುಂಯ್ ಎಂದಿತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿದ್ದು ಕಡಿಮೆ.

ಆದ್ದರಿಂದ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಸಾಲ್ಬುಟಮಾಲ್ ಪಂಪನ್ನು, ಅಂದರೆ ಇನ್‌ಹೇಲರನ್ನು, ಔಷಧ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರಿಗೆ ಜೋಡಿಸಿ ಒಮ್ಮೆ ಒತ್ತಿ, ಐದಾರು ಉಸಿರು ಎಳೆಸಿ, ಮತ್ತೆ ಒತ್ತಿ. ಎಷ್ಟು ಸಲ ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ಸ್ಪೇಸರ್ ಇಲ್ಲದಿದ್ದರೆ 500 ಮಿಲಿಲೀಟರ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ವೈದ್ಯರು ಮಕ್ಕಳಲ್ಲಿ ಪರೀಕ್ಷಿಸಿ ನೋಡಿದ ಉಪಾಯ ಅದು.

ಪದೇ ಪದೇ ಹೀಗಾಗುವ ಮಗುವನ್ನು ತಜ್ಞರಲ್ಲಿಗೆ ಕಳಿಸುತ್ತಾರೆ. ದೊಡ್ಡಾಸ್ಪತ್ರೆ ಎಂದರೆ ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ ಇಲ್ಲವೆ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗುವುದು ರೂಢಿ. ಸಾಲ ಮಾಡಿ ಅಷ್ಟು ದೂರ ಹೋದವರಿಗೆ ಮೊದಲ ದಿನ ನಿರಾಸೆಯಾಗುತ್ತದೆ. ದೊಡ್ಡ ಯಂತ್ರ ತೋರಿಸುವ ಬದಲು ವೈದ್ಯರು, "ಪಂಪ್ ಹೇಗೆ ಎಳೆಯುತ್ತೀಯ, ತೋರಿಸು ಪುಟ್ಟಾ" ಎನ್ನುತ್ತಾರೆ. ಆದರೆ ಅದೇ ದೊಡ್ಡ ಪರೀಕ್ಷೆ. ಎಷ್ಟೋ ಮಕ್ಕಳಲ್ಲಿ ಔಷಧ ಎದೆಗಿಳಿಯದೆ ನಾಲಿಗೆಯ ಮೇಲೇ ಉಳಿದಿರುತ್ತದೆ.

ಆಮೇಲೆ, ಇದು ನಿಜವಾಗಿ ಅಸ್ತಮಾವೇ ಎಂಬ ಪ್ರಶ್ನೆ. ಶ್ವಾಸನಾಳದಲ್ಲಿ ಸಿಕ್ಕಿಕೊಂಡ ಶೇಂಗಾ ಬೀಜವೂ, ಕ್ಷಯದ ಗಂಟೂ ಉಬ್ಬಸದ ವೇಷ ಹಾಕಬಲ್ಲವು. ಊದಿಸಿ ಅಳೆಯುವ ಸ್ಪೈರೋಮೆಟ್ರಿ, ಅಲರ್ಜಿಯ ರಕ್ತಪರೀಕ್ಷೆ ನಡೆಯುತ್ತವೆ. ಬಳಿಕ ಮನೆಯ ವಿಚಾರಣೆ: ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ, ಗೋಡೆಯ ಬೂಷ್ಟು, ಬಿಸಿಲು ಕಾಣದ ಕಂಬಳಿ. ಇಷ್ಟನ್ನೂ ಸರಿಪಡಿಸಿ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಪಂಪ್ ತಪ್ಪದೆ ಕೊಟ್ಟ ಮೇಲೂ ಹತೋಟಿಗೆ ಬಾರದಿದ್ದರೆ ಅದನ್ನು ತೀವ್ರ ಅಸ್ತಮಾ ಎನ್ನುತ್ತಾರೆ. ಅಂಥ ಮಕ್ಕಳು ಕೆಲವರೇ. ಆರು ವರ್ಷ ದಾಟಿದ್ದರೆ ಅವರಲ್ಲಿ ಕೆಲವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ, ಅಲರ್ಜಿ ತಡೆಯುವ ಒಮಾಲಿಝುಮ್ಯಾಬ್‌ನಂಥ ಇಂಜೆಕ್ಷನ್ ಇದೆ. ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

ನಮ್ಮ ಮಾಣಿಗೆ ಅದು ಬೇಕಾಗಲಿಲ್ಲ. ಉಬ್ಬಸ ಬಾರದಂತೆ ದಿನಾ ಎಳೆಯಬೇಕಿದ್ದ ಸ್ಟೀರಾಯ್ಡ್ ಪಂಪನ್ನು ಅವನ ಅಜ್ಜಿ, "ಅಭ್ಯಾಸವಾಗಿಬಿಡುತ್ತದೆ" ಎಂದು ಎತ್ತಿಟ್ಟಿದ್ದರು. ಉಬ್ಬಸ ಬಂದಾಗ ಸಾಲ್ಬುಟಮಾಲ್ ಮಾತ್ರೆ ನುಂಗಿಸುತ್ತಿದ್ದರು. ನಾನು ಅವರಿಗೆ ಉಪದೇಶ ಮಾಡಲಿಲ್ಲ, ಲೆಕ್ಕ ಹೇಳಿದೆ. ಸಾಲ್ಬುಟಮಾಲ್ ಪಂಪ್ ಒಮ್ಮೆ ಒತ್ತಿದರೆ 100 ಮೈಕ್ರೋಗ್ರಾಂ. ಎರಡು ಮಿಲಿಗ್ರಾಂ ಮಾತ್ರೆ ಎಂದರೆ ಅದರ ಇಪ್ಪತ್ತು ಪಟ್ಟು, ಅದೂ ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಸ್ಟೀರಾಯ್ಡ್ ಪಂಪಿನದೂ ಮೈಕ್ರೋಗ್ರಾಮಿನ ಲೆಕ್ಕವೇ. ಎಳೆದ ಮೇಲೆ ಬಾಯಿ ಮುಕ್ಕಳಿಸಿದರಾಯಿತು. ಅಡಿಕೆಯ ತೂಕದಲ್ಲಿ ಒಂದು ಗುಂಜಿಯೂ ಬಿಡದ ಅಜ್ಜಿಗೆ ಇದು ತಟ್ಟನೆ ತಿಳಿಯಿತು.

ಈಚೆಗೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಪಂಪ್ ಎಳೆದ ದಿನಕ್ಕೆಲ್ಲ ಕುಂಕುಮದ ಚುಕ್ಕೆ ಇಟ್ಟಿದ್ದರು. ಒಂದು ದಿನವೂ ತಪ್ಪಿರಲಿಲ್ಲ. ಬಚ್ಚಲ ಒಲೆಗೆ ಮಾತ್ರ ಇನ್ನೂ ಹಸಿ ಕಟ್ಟಿಗೆಯನ್ನೇ ತುರುಕಿದ್ದರು. ಅದಕ್ಕೆ ಬೈದು, ಅವರು ಕೊಟ್ಟ ಚಹಾ ಕುಡಿದು ಬಂದೆ. ನಮಸ್ಕಾರ.