ಕೊರತೆಯೂ ಆಟಕ್ಕಿಳಿಯಬೇಕು

ಕೇಳುಗರಿಗೆ ನಮಸ್ಕಾರ.

ಚದುರಂಗದ ಕುದುರೆಯನ್ನು ನೆನಪಿಸಿಕೊಳ್ಳಿ. ಮಣೆಯ ನಡುವೆ ನಿಂತರೆ ಅದಕ್ಕೆ ಎಂಟು ಮನೆಗಳ ದಾರಿ. ಮೂಲೆಗೆ ಸರಿದರೆ ಎರಡೇ. ಒಂಟೆ ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಹೋದೀತು. ಆದರೆ ಕಪ್ಪು ಮನೆಯ ಒಂಟೆ ಆಟ ಮುಗಿಯುವವರೆಗೂ ಬಿಳಿ ಮನೆ ತುಳಿಯದು. ಎರಡರಲ್ಲಿ ಯಾವುದು ಹೆಚ್ಚು? ಬಲ್ಲವರು ಮೊದಲು ಮಣೆ ನೋಡುತ್ತಾರೆ. ಕಾಲಾಳುಗಳು ದಾರಿ ಕಟ್ಟಿ ನಿಂತಿದ್ದರೆ ಕುದುರೆ, ಬಯಲಾಗಿದ್ದರೆ ಒಂಟೆ.

ಸ್ಟ್ರಾಟೆಜಿ ಗೇಮ್‌ಗಳಿಗೆ, ಎಂದರೆ ತಂತ್ರ ಹೂಡಿ ಗೆಲ್ಲುವ ಆಟಗಳಿಗೆ, ಪಾತ್ರ ಕಟ್ಟುವವರು ಇದನ್ನು ಮರೆಯುವುದುಂಟು. ಬಲ ಇಷ್ಟು ಹೆಚ್ಚು, ವೇಗ ಅಷ್ಟು ಕಡಿಮೆ ಎಂದು ತಕ್ಕಡಿ ತೂಗಿ ಕೈತೊಳೆದುಕೊಳ್ಳುತ್ತಾರೆ. ಆದರೆ ಆಡುವವನು ಕಿಲಾಡಿ. ಕೊರತೆ ಎದುರಾಗದ ಕಡೆಗೇ ಆಟವನ್ನು ಹೊರಳಿಸುತ್ತಾನೆ. 1997ರ ಫಾಲ್‌ಔಟ್ ಎಂಬ ಕಂಪ್ಯೂಟರ್ ಆಟ ಸ್ಟ್ರಾಟೆಜಿ ಗೇಮ್ ಅಲ್ಲ, ಆದರೂ ಪಾಠ ಅಲ್ಲಿದೆ. 'ಗಿಫ್ಟೆಡ್' ಎಂಬ ಗುಣವನ್ನು ಆರಿಸಿದರೆ ಬಲ, ಬುದ್ಧಿಯಂಥ ಏಳೂ ಮೂಲಶಕ್ತಿಗಳು ಒಂದೊಂದು ಅಂಕ ಏರುತ್ತವೆ, ಕೌಶಲಗಳು ಮಾತ್ರ ತಗ್ಗುತ್ತವೆ. ಕೌಶಲವನ್ನು ಆಡುತ್ತಾ ತುಂಬಿಕೊಳ್ಳಬಹುದು. ಮೂಲಶಕ್ತಿ ಅಷ್ಟು ಸುಲಭಕ್ಕೆ ಸಿಗದು. ಇನ್ನು ಬೇಡವೆನ್ನುವವರು ಯಾರು?

2001ರ ಅಡ್ವಾನ್ಸ್ ವಾರ್ಸ್ ಎಂಬ ಯುದ್ಧದ ಆಟದಲ್ಲಿ ಮ್ಯಾಕ್ಸ್ ಎಂಬ ಸೇನಾಪತಿ ಇದ್ದಾನೆ. ಅವನ ಟ್ಯಾಂಕುಗಳ ಹೊಡೆತ ಜೋರು. ದೂರದಿಂದ ಹೊಡೆಯುವ ಫಿರಂಗಿಗಳ ವ್ಯಾಪ್ತಿ ಮಾತ್ರ ಒಂದು ಮನೆ ಕಡಿಮೆ. ಗ್ರಿಟ್ ಎಂಬವನದು ಇದಕ್ಕೆ ತದ್ವಿರುದ್ಧ. ಮ್ಯಾಕ್ಸ್ ಎದುರಿದ್ದಾನೆಂದು ತಿಳಿದ ಕೂಡಲೇ ನಾವು ಹಿಂದೆ ಸರಿದು ದೂರದಿಂದ ಹೊಡೆಯುವ ಯೋಚನೆ ಮಾಡುತ್ತೇವೆ. ಅವನು ಹತ್ತಿರ ಬರಲು ಹವಣಿಸುತ್ತಾನೆ. ಆ ಒಂದು ಮನೆಯ ಕೊರತೆಯೇ ಇಬ್ಬರನ್ನೂ ಓಡಾಡಿಸುತ್ತದೆ. ಜೊತೆಗೆ ಅದು ಅವನ ಸ್ವಭಾವದಂತೆಯೂ ಕಾಣುತ್ತದೆ: ಮೈಮೇಲೆ ಬೀಳುವವನಿಗೆ ಕಾದು ಹೊಡೆಯುವ ತಾಳ್ಮೆ ಎಲ್ಲಿ?

ದೊರೆಯಾಗಿ ಆಡುವ 2020ರ ಆಟ ಕ್ರುಸೇಡರ್ ಕಿಂಗ್ಸ್ 3 ಇನ್ನೊಂದು ದಾರಿ ಹಿಡಿಯಿತು. ಕರುಣೆಯುಳ್ಳ ದೊರೆಯೂ ಸೆರೆಯಾಳಿನ ತಲೆ ಕಡಿಸಬಹುದು, ತಡೆಯುವವರಿಲ್ಲ. ಆದರೆ ಅವನ ಮನಸ್ಸಿನ ಒತ್ತಡ ಏರುತ್ತದೆ, ಹೆಚ್ಚಾದರೆ ಕುಸಿಯುತ್ತಾನೆ. ಇಲ್ಲಿ ಗುಣವೇ ಕೊರತೆ. ನನಗೆ ಇದು ಹೆಚ್ಚು ಇಷ್ಟ.

ಇಷ್ಟವಾಗದ್ದೂ ಒಂದಿದೆ: 'ಹತ್ತು ಸಲಕ್ಕೊಮ್ಮೆ ಈ ಯೋಧ ಮಾತು ಕೇಳುವುದಿಲ್ಲ' ಎಂಬ ಬಗೆ. ಅದನ್ನು ಲೆಕ್ಕಕ್ಕಿಟ್ಟು ಹೂಡಲು ಉಪಾಯವೇ ಇಲ್ಲ, ಬೈಯಬಹುದು ಅಷ್ಟೆ. ಅದೇ ಯೋಧ ಗಾಯಗೊಂಡಾಗ ಮಾತ್ರ ಮಾತು ಮೀರುತ್ತಾನೆ ಎಂದಿಟ್ಟು ನೋಡಿ. ನೀವು ಅವನನ್ನು ಕಾಪಾಡಲು ಹೊರಡುತ್ತೀರಿ, ಎದುರಾಳಿ ಅವನನ್ನೇ ಹುಡುಕಿ ಕೆಣಕುತ್ತಾನೆ.

ನಮಸ್ಕಾರ.