ಆಳೆತ್ತರದ ಹುಲ್ಲಿಗೆ ಮರುಳಾಗಬೇಡಿ

ನಮಸ್ಕಾರ ಎಲ್ಲರಿಗೂ. ಇದು ಬ್ರಹ್ಮಾವರದ ಹತ್ತಿರ ನಮ್ಮ ಹಟ್ಟಿ ಹಿಂದಿನ ಹುಲ್ಲಿನ ಗದ್ದೆ. ಎಡಗಡೆ ಸಾಲು ನನ್ನ ಎದೆ ಮಟ್ಟಕ್ಕೆ ಉಂಟು, ಬಲಗಡೆಯದ್ದು ತಲೆ ದಾಟಿ ಹೋಗಿದೆ. ಎರಡೂ ಸಿಒ-4 ನೇಪಿಯರ್ ಅನ್ನುವ ಒಂದೇ ತಳಿಯ ಮೇವಿನ ಹುಲ್ಲು, ಒಂದೇ ಗೊಬ್ಬರ, ಒಂದೇ ಮಳೆ. ಬಲಗಡೆಯದ್ದನ್ನು ನಿಮಗೆ ತೋರಿಸ್ಲಿಕ್ಕೆ ಅಂತಲೇ ಕೊಯ್ಯದೆ ಬಿಟ್ಟಿದ್ದೇನೆ. ದಾರಿಯಲ್ಲಿ ಹೋಗುವವರೆಲ್ಲ ಅದಕ್ಕೇ ಕೈ ತೋರಿಸ್ತಾರೆ: "ಹುಲ್ಲು ಅಂದ್ರೆ ಇದು ಮಾರಾಯ್ರೆ!"

ಈಗ ಕತ್ತಿ ಹಾಕುವ. ಎಡಗಡೆಯದ್ದು ಒಂದೇ ಎಳೆತಕ್ಕೆ ಬಂತು. ಬುಡದವರೆಗೂ ಎಲೆ ಹಸಿರು, ದಂಟು ಬೆರಳಲ್ಲಿ ಒತ್ತಿದ್ರೆ ನೀರು ಬರ್ತದೆ. ಬಲಗಡೆಯದ್ದಕ್ಕೆ ಎರಡು ಮೂರು ಏಟು ಬೇಕಾಯ್ತು. ಸೀಳಿದ್ದೇನೆ, ನೋಡಿ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬಿಳಿ ಬೆಂಡು. ಕೆಳಗಿನ ಎಲೆ ಆಗಲೇ ಒಣಗಿ ಹಳದಿ. ಹಸುವಿನ ಮುಂದೆ ಹಾಕಿದ್ರೆ ತುದಿಯ ಎಲೆ ಆರಿಸಿ ತಿಂದು ದಂಟನ್ನು ಗೋದಲಿಯಲ್ಲೇ ಬಿಡ್ತದೆ. ಅದು ಹಸುವಿನ ಕೊಬ್ಬಲ್ಲ, ಲಿಗ್ನಿನ್‌ನ ಕೆಲಸ. ಹುಲ್ಲು ಎತ್ತರಕ್ಕೆ ನಿಲ್ಲಬೇಕಾದ್ರೆ ದಂಟಿಗೆ ಬಲ ಬೇಕು. ಆ ಬಲ ಕೊಡುವ ಲಿಗ್ನಿನ್ ಹಸುವಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ನಾರನ್ನೂ ಕರಗಲು ಬಿಡುವುದಿಲ್ಲ.

ತೂಕ ಹೆಚ್ಚು ಸಿಗ್ತದೆ, ಅದು ಸುಳ್ಳಲ್ಲ. ಆದ್ರೆ ತೂಕ ಏರುವಾಗ ಪ್ರೋಟೀನಿನ ಪಾಲು ಇಳೀತದೆ. ಒಳ್ಳೆ ಗೊಬ್ಬರ ಬಿದ್ದ ನೇಪಿಯರ್‌ನಲ್ಲಿ 45 ದಿನಕ್ಕೆ, ನೀರು ಬಿಟ್ಟು ಲೆಕ್ಕ ಹಾಕಿದ್ರೆ, ಶೇಕಡ 10ರ ಆಸುಪಾಸು ಇರುವ ಪ್ರೋಟೀನ್ 90 ದಿನಕ್ಕೆ 6ರ ಹತ್ತಿರ ಬರಬಹುದು. 7ಕ್ಕಿಂತ ಕೆಳಗೆ ಹೋದ್ರೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೇ ಸಾರಜನಕ ಸಾಲುವುದಿಲ್ಲ. ನಾರು ಕರಗುವುದು ನಿಧಾನ, ಹೊಟ್ಟೆ ಖಾಲಿಯಾಗುವುದು ನಿಧಾನ, ಹಸು ತಿನ್ನುವುದೇ ಕಮ್ಮಿ.

ಒಂದು ಊಹೆಯ ಲೆಕ್ಕ ಹಾಕುವ. ಒಂದು ತುಂಡು ಜಾಗ. 45 ದಿನಕ್ಕೊಮ್ಮೆ ಎರಡು ಸಲ ಕೊಯ್ದು ಪ್ರತಿ ಸಲ 40 ಕಿಲೋ ಒಣ ತೂಕ ಸಿಕ್ಕಿತು ಅಂದುಕೊಳ್ಳಿ. ಒಟ್ಟು 80 ಕಿಲೋ, ಶೇಕಡ 10ರಂತೆ 8 ಕಿಲೋ ಪ್ರೋಟೀನ್. ಅದನ್ನೇ 90 ದಿನ ಬಿಟ್ಟು ಒಟ್ಟಿಗೆ ಕೊಯ್ದು 110 ಕಿಲೋ ತೆಗೆದ್ರಿ ಅಂತಿಟ್ಕೊಳ್ಳಿ. 6ರಂತೆ ಬರುವುದು ಆರೂವರೆ ಕಿಲೋ. ಹೊರೆ ದೊಡ್ಡದು, ಹಿಂಡಿ ಅಂಗಡಿಯ ಬಿಲ್ಲೂ ದೊಡ್ಡದು.

ಬಲಿತ ದಂಟಿಗೆ ಒಂದು ಮರ್ಯಾದೆಯ ಕೆಲಸ ಉಂಟು, ನಾಟಿ. ಎರಡು ಗಣ್ಣಿನ ತುಂಡು ಮಾಡಿ ಊರಲಿಕ್ಕೆ ಎಳೆ ದಂಟು ಆಗುವುದಿಲ್ಲ. ಹೊಸದಾಗಿ ನೆಟ್ಟ ಹುಲ್ಲಿನ ಮೊದಲ ಕಟಾವಿಗೂ 75ರಿಂದ 80 ದಿನ ಕಾಯಿರಿ, ಬೇರು ಹಿಡೀಬೇಕಲ್ಲ. ಆಮೇಲೆ 45 ದಿನಕ್ಕೊಮ್ಮೆ. ಸಿಒ-4 ಸಜ್ಜೆ ಮತ್ತು ನೇಪಿಯರ್ ಬೆರಕೆಯ ತಳಿ, 2008ರಲ್ಲಿ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ್ದು.

ಹಾಗಂತ ಎಳೆಯದಾದಷ್ಟೂ ಒಳ್ಳೆಯದು ಅಂತ 25 ದಿನಕ್ಕೇ ಕತ್ತಿ ಹಿಡಿಯುವವರೂ ಇದ್ದಾರೆ. ನಮ್ಮ ಆಟಿ ತಿಂಗಳ ಜೋರು ಮಳೆಯಲ್ಲಿ ಅದು ಹುಲ್ಲಲ್ಲ, ನೀರು! ಶೇಕಡ 85 ನೀರಿದ್ರೆ 30 ಕಿಲೋ ಹೊತ್ತು ತಂದು ಹಾಕಿದ್ರೂ ಒಣ ಲೆಕ್ಕದಲ್ಲಿ ನಾಲ್ಕೂವರೆ ಕಿಲೋ. 400 ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ ಎಲ್ಲ ಮೇವು ಸೇರಿ ಒಣ ಲೆಕ್ಕದಲ್ಲೇ 12 ಕಿಲೋದಷ್ಟು ಬೇಕು. ಸಗಣಿಯೂ ತೆಳ್ಳಗಾಗ್ತದೆ. ಎಳೆ ನೇಪಿಯರ್‌ನಲ್ಲಿ ಆಕ್ಸಲೇಟ್ ಅನ್ನುವ ಅಂಶ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಹಸುವಿಗೆ ಸಿಗದ ಹಾಗೆ ಕಟ್ಟಿಹಾಕ್ತದೆ. ಪದೇ ಪದೇ ಬೇಗ ಕೊಯ್ದ್ರೆ ಬುಡದಲ್ಲಿ ಕೂಡಿಟ್ಟ ಶಕ್ತಿ ಮುಗಿದು ಹುಲ್ಲಿನ ಬುಡವೇ ಸೊರಗ್ತದೆ. ಅರ್ಧ ಗೇಣಿನಷ್ಟು ಬುಡ ಬಿಟ್ಟು ಕೊಯ್ಯಿರಿ ಅನ್ನುವುದೂ ಅದಕ್ಕೇ.

ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆ. ಯೂರಿಯಾ ಹಾಕಿದ ಕೂಡಲೇ ಮೋಡ ಕವಿದು ಕೂತ್ರೆ, ಬೇರು ಎಳೆದುಕೊಂಡ ನೈಟ್ರೇಟ್ ಬಿಸಿಲಿಲ್ಲದೆ ಪ್ರೋಟೀನ್ ಆಗದೆ ದಂಟಿನಲ್ಲೇ ಉಳೀತದೆ. ಅಂಥ ಹುಲ್ಲು ಹೆಚ್ಚು ತಿಂದ್ರೆ ಹಸುವಿಗೆ ವಿಷ. ಯೂರಿಯಾ ಬಿದ್ದ ಎರಡು ವಾರ ಆ ಕಡೆ ಕತ್ತಿ ಬೇಡ. ಕೊಯ್ದದ್ದನ್ನು ಮಾಡಿನಡಿ ಸ್ವಲ್ಪ ಹೊತ್ತು ಹರಡಿ, ನೀರಾರಿದ ಮೇಲೆ ಬೈಹುಲ್ಲು ಸೇರಿಸಿ ಕೊಡಿ.

ನಾವು ಮಾಡುವ ಕ್ರಮ ಹೇಳ್ತೇನೆ. ಗದ್ದೆಯನ್ನು ಆರು ತುಂಡು ಮಾಡಿ, ವಾರಕ್ಕೊಂದು ತುಂಡು ಕೊಯ್ಯುವುದು. ಒಂದು ಸುತ್ತು ಮುಗಿಯುವಾಗ 42 ದಿನ, ಮೊದಲನೆಯದ್ದು ಪುನಃ ರೆಡಿ. ನೀರು ನಿಲ್ಲುವ ಮೂಲೆಗೆ ನೇಪಿಯರ್ ಆಗುವುದಿಲ್ಲ, ಅಲ್ಲಿ ಪ್ಯಾರಾ ಹುಲ್ಲು. ತೆಂಗಿನ ನೆರಳಿಗೆ ಗಿನಿ ಹುಲ್ಲು, ಅದರ ದಂಟು ಸಪೂರ.

ಮಳೆ ಹಿಡಿದು ವಾರ ತಪ್ಪಿದ್ರೆ, ಬಲಿತದ್ದನ್ನು ಬಿಟ್ಟು ಎಳೆ ತುಂಡಿಗೆ ಹೋಗಬೇಡಿ. ಬಲಿತದ್ದನ್ನೇ ಮೊದಲು ಕೊಯ್ದು ಚಾಫ್ ಕಟ್ಟರಿಗೆ ಹಾಕಿ. ಕತ್ತರಿಸಿದ್ರೆ ಪ್ರೋಟೀನ್ ಏನೂ ಏರುವುದಿಲ್ಲ, ದಂಟು ದಂಡ ಆಗುವುದು ಕಮ್ಮಿಯಾಗ್ತದೆ ಅಷ್ಟೆ. ಆ ವಾರ ಅಕ್ಕಚ್ಚಿಗೆ ಹಿಂಡಿ ಸ್ವಲ್ಪ ಜಾಸ್ತಿ ಹಾಕಿ.