ಕೂರ್ಮಗಡಕ್ಕೆ ಹೊರಟು ಕಡವಾಡ ಮುಟ್ಟಿದ ದಿನ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋದಲ್ಲಿ ಕೂರ್ಮಗಡ ಇಲ್ಲ. ಡಾಲ್ಫಿನ್ ಇಲ್ಲ. ಡ್ರೋನ್ ಶಾಟ್ ಅಂತೂ ಇಲ್ಲವೇ ಇಲ್ಲ. ಕಾರವಾರ ನೌಕಾನೆಲೆ ಇರುವ ಊರು, ಇಲ್ಲಿ ಕಂಡಕಂಡಲ್ಲಿ ಡ್ರೋನ್ ಹಾರಿಸುವ ಹಾಗಿಲ್ಲ. ಇರುವುದು ಇಷ್ಟೇ: ಚಿಕ್ಕಮ್ಮನ ಸ್ಕೂಟರ್, ತುಮಕೂರಿನಿಂದ ಬಂದ ನನ್ನ ಗೆಳತಿ, ಅವಳ ಮಡಿಲಲ್ಲಿ ಒಂದು ಮರದ ಮಣೆ, ಮತ್ತೆ ಆಗಸ್ಟ್ ತಿಂಗಳ ಮಳೆ. ಮಣೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇವಳ ಫೋನಿನಲ್ಲಿ ಒಂದು ಪಟ್ಟಿ ಇತ್ತು. ರೀಲ್ಸ್ ನೋಡಿ ನೋಡಿ ಮಾಡಿಕೊಂಡಿದ್ದು. ಟ್ಯಾಗೋರ್ ಬೀಚ್, ಯುದ್ಧನೌಕೆ, ಕೂರ್ಮಗಡ, ದೇವಬಾಗ, ಸಂಜೆಗೆ ಸದಾಶಿವಗಡ. ಎಲ್ಲಾ ಒಂದೇ ದಿನಕ್ಕೆ! ನಾನು ಶಿರಸಿಯವಳು, ಘಟ್ಟದ ಮೇಲಿನವಳು. ಕಾರವಾರಕ್ಕೆ ಬರುವುದು ಜಾಸ್ತಿ ಸಲ ಕಚೇರಿ ಕೆಲಸಕ್ಕೇ. ಜಿಲ್ಲೆಯ ಎಲ್ಲ ಕಾಗದಪತ್ರ ಇಲ್ಲಿಗೇ ಬರಬೇಕಲ್ಲ. ಹಾಗಾಗಿ ಪಟ್ಟಿ ನೋಡಿ ನಾನೂ ಹೂಂ ಅಂದೆ.

ಈಗ ಕಾಣುತ್ತಿರುವುದು ಬೆಳಗಿನ ಟ್ಯಾಗೋರ್ ಬೀಚ್. ಗಾಳಿ ಸದ್ದಿಗೆ ನಾವು ಮಾತಾಡಿದ್ದು ಏನೂ ಕೇಳುವುದಿಲ್ಲ, ಅದಕ್ಕೇ ಮನೆಯಲ್ಲಿ ಕೂತು ಈ ಧ್ವನಿ ಸೇರಿಸುತ್ತಿದ್ದೇನೆ. ಅಗೋ, ಅದು ಐಎನ್‌ಎಸ್ ಚಪಲ್. ಕ್ಷಿಪಣಿ ಹೊತ್ತು ತಿರುಗಿದ ನೌಕೆ, ಈಗ ಮರಳ ಮೇಲೆ ನಿಂತಿರುವ ವಸ್ತುಸಂಗ್ರಹಾಲಯ. ಪಕ್ಕದಲ್ಲಿ ಟುಪೊಲೆವ್ ವಿಮಾನ. ನಾವು ಹೋಗಿದ್ದು ಬೆಳಗಾಮುಂಚೆ, ತೆರೆಯುವ ಹೊತ್ತಾಗಿರಲಿಲ್ಲ. ಹೊರಗಿನಿಂದಲೇ ಫೋಟೋ ತೆಗೆದು ಮುಂದೆ ನಡೆದೆವು.

ಬೀಚಿಗೆ ಟ್ಯಾಗೋರ್ ಹೆಸರು ಯಾಕೆ ಅಂತ ಇವಳು ಕೇಳಿದಳು. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದಿದ್ದರು. ಆಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಅಂದರೆ ಅವರೇ. ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಬೇರೆ ಸಂಗತಿ. ಕಾರವಾರದ ದಿನಗಳನ್ನು ನೆನೆಯುವಾಗ ಟ್ಯಾಗೋರರು ಕಡಲನ್ನು ಹೊಗಳುತ್ತಾರೆ, ನಿಜ. ಆದರೆ ಕತೆಯ ಹಾಗೆ ಬಿಡಿಸಿ ಹೇಳುವುದು ಕಾಳಿ ನದಿಯ ಒಂದು ರಾತ್ರಿಯನ್ನು. ಸಂಜೆ ಸಣ್ಣ ಹಾಯಿದೋಣಿಯಲ್ಲಿ ಹೊಳೆಯ ಮೇಲ್ಮುಖಕ್ಕೆ ಹೋದರಂತೆ. ದಾರಿಯಲ್ಲಿ ಗುಡ್ಡದ ಮೇಲಿನ ಹಳೇ ಕೋಟೆ ನೋಡಿದರಂತೆ. ಆಮೇಲೆ ಒಬ್ಬ ರೈತನ ಮನೆಯ ಸಾರಿಸಿದ ಅಂಗಳಕ್ಕೆ ನುಗ್ಗಿ, ಬೆಳದಿಂಗಳಲ್ಲಿ ಬುತ್ತಿ ಬಿಚ್ಚಿ ಉಂಡರಂತೆ. ತಿರುಗಿ ಬರುವಾಗ ದೋಣಿಯನ್ನು ಹರಿವಿಗೇ ಬಿಟ್ಟು, ಕೊನೆಗೆ ಮರಳ ಮೇಲೆ ನಡೆದು ಮನೆ ಸೇರಿದರಂತೆ. ಯಾರದೋ ಮನೆ ಅಂಗಳ! ನ್ಯಾಯಾಧೀಶರ ಮನೆಯವರು! ಅವರ ಕೈಯಲ್ಲಿ ಪಟ್ಟಿ ಇರಲಿಲ್ಲ ಅಂತ ಕಾಣುತ್ತದೆ.

ಇನ್ನು ಕೂರ್ಮಗಡ. ಕಡಲೊಳಗಿನ ದ್ವೀಪ, ಅಲ್ಲಿ ನರಸಿಂಹ ದೇವರ ಗುಡಿ. ದೋಣಿಯವರನ್ನು ಹುಡುಕಿ ಕೇಳಿದೆವು. ಒಬ್ಬರು ಬಲೆ ತುಣುಕು ಹೊಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು, "ಇವತ್ತು ಆಗುದಿಲ್ಲ ತಂಗಿ. ಗಾಳಿ ನೋಡಿ." ಇವಳು ಬಿಡಲಿಲ್ಲ. "ಅಣ್ಣ, ಸ್ವಲ್ಪ ಜಾಸ್ತಿ ದುಡ್ಡು ಕೊಡ್ತೀವಿ" ಅಂದಳು. ಆಗ ತಲೆ ಎತ್ತಿದರು. "ದುಡ್ಡಿಗಲ್ಲ. ಜಾತ್ರೆ ದಿನ ಎಂತ ಆಯ್ತು ಗೊತ್ತಿಲ್ವಾ ನಿಮಗೆ?"

ಇವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಹತ್ತಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಮಕ್ಕಳೂ ಇದ್ದರು. ಜನವರಿ ಅಂದರೆ ಕಡಲು ಶಾಂತ ಇರುವ ತಿಂಗಳು. ಆಗಸ್ಟಿನ ಮಾತು ಬೇರೆ ಕೇಳಬೇಕಾ? ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ ಇರುತ್ತದೆ. ಆಗಸ್ಟ್ 1ಕ್ಕೆ ಅದು ಮುಗಿಯುತ್ತದೆ. ಆದರೆ ಗಾಳಿಗೆ ಆ ತಾರೀಕು ಗೊತ್ತಿಲ್ಲ. ಈ ವಿಡಿಯೋ ನೋಡಿ ಮಳೆಗಾಲದಲ್ಲಿ ಬರುವವರಿಗೆ ಒಂದು ಮಾತು: ದೋಣಿಯವರು ಬೇಡ ಅಂದರೆ ಬೇಡ. ರೇಟು ಏರಿಸಲು ಹೇಳುವ ಮಾತಲ್ಲ ಅದು.

ಮುಖ ಸಣ್ಣ ಮಾಡಿಕೊಂಡು ಕೋಡಿಬಾಗಕ್ಕೆ, ಚಿಕ್ಕಮ್ಮನ ಮನೆಗೆ ವಾಪಸ್ ಬಂದೆವು. ಒದ್ದೆ ಬಟ್ಟೆ ಬದಲಿಸಬೇಕಿತ್ತು. ಅಲ್ಲಿ ಬಾಗಿಲಲ್ಲೇ ಕಾದಿತ್ತು ನೋಡಿ ಈ ಮಣೆ.

ಘಟ್ಟದ ಕೆಳಗೆ ಚೌತಿಯ ಗಣಪತಿಯನ್ನು ಅಂಗಡಿಯಿಂದ ಹಾಗೇ ಎತ್ತಿಕೊಂಡು ಬರುವುದಿಲ್ಲ. ತುಂಬಾ ಮನೆಗಳಲ್ಲಿ ತಮ್ಮದೇ ಮಣೆ ಇರುತ್ತದೆ. ಹಬ್ಬಕ್ಕೆ ಮುಂಚೆ ಅದನ್ನು ಮೂರ್ತಿ ಮಾಡುವವರ ಮನೆಗೆ ಕೊಟ್ಟು ಬರಬೇಕು. ಅವರು ಅದರ ಮೇಲೆಯೇ ಗಣಪತಿಯನ್ನು ಕೂರಿಸುತ್ತಾರೆ. ಚಿಕ್ಕಮ್ಮನ ಮನೆಯಲ್ಲಿ ಈ ವರ್ಷ ಅದು ತಡವಾಗಿತ್ತು. "ಹ್ಯಾಂಗೂ ತಿರುಗೂಕೆ ಹೊರಟೀರಿ. ಇದೊಂದು ಕಡವಾಡಕ್ಕೆ ಮುಟ್ಟಿಸಿ ಬನ್ನಿ" ಅಂದರು. ಇವಳು ನನ್ನ ಮುಖ ನೋಡಿದಳು. ಕಡವಾಡ ಪಟ್ಟಿಯಲ್ಲಿ ಇರಲಿಲ್ಲ.

ದಾರಿ ಸುಂಕೇರಿ ಮೇಲಿಂದ. ಈ ಶಾಟ್ ಅಲುಗಾಡುವುದಕ್ಕೆ ಕಾರಣ, ಇವಳ ಒಂದು ಕೈ ಮಣೆ ಹಿಡಿದಿತ್ತು, ಇನ್ನೊಂದು ಕೈ ಫೋನು. ಬಲಕ್ಕೂ ಎಡಕ್ಕೂ ಹಿನ್ನೀರು, ಗದ್ದೆ, ತೆಂಗು. ಅಲೆ ಸದ್ದು ಪೂರಾ ನಿಂತುಬಿಟ್ಟಿತು. ಕಡಲಿನಿಂದ ಇಷ್ಟು ಹತ್ತಿರದಲ್ಲಿ ಇಂಥ ಊರು ಇದೆ ಅಂತ ಹೆದ್ದಾರಿಯಲ್ಲಿ ಗೋವಾಕ್ಕೆ ಓಡುವವರಿಗೆ ಗೊತ್ತೇ ಆಗುವುದಿಲ್ಲ.

ಮೂರ್ತಿ ಮಾಡುವ ಅಜ್ಜ ಜಗಲಿಯಲ್ಲಿದ್ದರು. ಸುತ್ತ ಸಾಲಾಗಿ ಗಣಪತಿಗಳು. ಕೆಲವಕ್ಕೆ ಸೊಂಡಿಲಿಲ್ಲ, ಕೆಲವಕ್ಕೆ ಕೈಯಿಲ್ಲ, ಒಂದಕ್ಕೆ ಹೊಟ್ಟೆ ಮಾತ್ರ ಆಗಿತ್ತು. ಅಜ್ಜ ಮಣೆಯನ್ನು ತಿರುಗಿಸಿ ಅಡಿ ನೋಡಿದರು. ಅಲ್ಲಿ ಚಿಕ್ಕಪ್ಪನ ಹೆಸರು ಬಣ್ಣದಲ್ಲಿ ಬರೆದಿತ್ತು. "ಓ, ಕೋಡಿಬಾಗದವರು! ಹೋದ ವರ್ಷದಷ್ಟೇ ಎತ್ತರವಾ?" ನಮಗೆ ಹೋದ ವರ್ಷದ್ದು ಎಷ್ಟಿತ್ತೋ ಏನೋ. ಚಿಕ್ಕಮ್ಮನಿಗೆ ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಅಜ್ಜ ನಕ್ಕು, ಕೈಯಿಂದಲೇ ಗಾಳಿಯಲ್ಲಿ ಒಂದು ಅಳತೆ ತೋರಿಸಿದರು. "ಇಷ್ಟಿತ್ತು. ನನಗೆ ನೆನಪುಂಟು." ಊರ ತುಂಬಾ ಮನೆಗಳ ಗಣಪತಿ ಎತ್ತರ ಅವರ ತಲೆಯಲ್ಲಿದೆ!

ಇವಳು ಆಗಲೇ ಕೆಳಗೆ ಕೂತು ಮಣ್ಣಿಗೆ ಕೈ ಹಾಕಿದ್ದಳು. ಅಜ್ಜ ಬೈಯಲಿಲ್ಲ. ಇಲಿ ಮಾಡುವುದನ್ನು ಹೇಳಿಕೊಟ್ಟರು. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಅದೇ. ಹೌದು, ಅದು ಇಲಿಯೇ. ನಗಬೇಡಿ. ಅಲ್ಲಿ ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಅಜ್ಜನ ಮನೆಯವರು ಚಹಾ ಕೊಟ್ಟರು, ಆಮೇಲೆ ಅವಲಕ್ಕಿ ಕೊಟ್ಟರು, ಮಳೆ ಒಂದು ಬಾರಿ ಬಂದು ಹೋಯಿತು.

ಈ ಕಡವಾಡದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ನಮ್ಮ ಶಿರಸಿ ಸೀಮೆಯ ಪಾಲೂ ಇದೆ. ನಾವು ಈಗ ಕಾರವಾರ ಅನ್ನುವ ಪೇಟೆ, ಕಚೇರಿ, ಅಗಲ ರಸ್ತೆ ಎಲ್ಲ ಈಚಿನದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಬೆಳೆದದ್ದು. ಅದಕ್ಕೂ ಮೊದಲಿನ ಹಳೇ ಕಾರವಾರ ಇದ್ದದ್ದು ಒಳಗೆ, ಈ ಕಾಳಿ ದಂಡೆಯಲ್ಲಿ. 1638ರಲ್ಲಿ ಇಂಗ್ಲಿಷರು ಇಲ್ಲಿ ವ್ಯಾಪಾರದ ಕೋಠಿ ತೆರೆದರು. ಅವರನ್ನು ಎಳೆದು ತಂದದ್ದು ಸೋದೆಯ ಕಾಳುಮೆಣಸು. ಸೋದೆ ಅಂದರೆ ಶಿರಸಿ ಪಕ್ಕದ ನಮ್ಮ ಸೋಂದಾ. ಘಟ್ಟದ ತೋಟದಲ್ಲಿ ಬೆಳೆದ ಮೆಣಸು ಇಲ್ಲಿ ಹಡಗು ಹತ್ತುತ್ತಿತ್ತು. ಹುಬ್ಬಳ್ಳಿ ಕಡೆಯ ನೇಕಾರರ ತೆಳು ಮಸ್ಲಿನ್ ಬಟ್ಟೆಯೂ ಇಲ್ಲಿಂದಲೇ ಹೋಗುತ್ತಿತ್ತು. 1665ರಲ್ಲಿ ಶಿವಾಜಿ ಬಂದಾಗ ಇಲ್ಲಿನ ಇಂಗ್ಲಿಷ್ ವ್ಯಾಪಾರಿಗಳು 112 ಪೌಂಡ್ ಕೊಡಬೇಕಾಯಿತು. ಅಂದರೆ ಕೊಡುವಷ್ಟು ಸಂಪಾದನೆ ಇತ್ತು ಅಂತಾಯ್ತಲ್ವಾ?

ಇವಳಿಗೆ ಇದನ್ನು ಹೇಳಿದರೆ, "ಹಾಗಾದ್ರೆ ನೀನು ಬಂದಿದ್ದೂ ಮೆಣಸಿನ ದಾರಿಲೇ ಅನ್ನು" ಅಂದಳು. ನಾನು ಬಂದದ್ದು ಸಾರಿಗೆ ಬಸ್ಸಿನಲ್ಲಿ ಮಾರಾಯ್ತಿ, ಸೊಂಟ ಇನ್ನೂ ನೋಯುತ್ತಿದೆ ಅಂದೆ.

ಊಟದ ವಿಷಯಕ್ಕೆ ಬರೋಣ. ಕಾರವಾರಕ್ಕೆ ಬಂದು ಮೀನು ತಿನ್ನದೆ ಹೋಗುವುದು ಹೇಗೆ? ಆದರೆ ಶ್ರಾವಣ. ಚಿಕ್ಕಮ್ಮನ ಮನೆಯಲ್ಲಿ ಚೌತಿ ಮುಗಿಯುವವರೆಗೆ ಮೀನು ಒಳಗೆ ಬರುವುದಿಲ್ಲ. ಈ ಕಡೆ ಬಹಳ ಮನೆಗಳಲ್ಲಿ ಹೀಗೇ. ಚಿಕ್ಕಮ್ಮನೇ ದಾರಿ ತೋರಿಸಿದ್ದರು: "ಶ್ರಾವಣ ಮನೆಗೆ. ಪೇಟೆಗಲ್ಲ." ಹಾಗಾಗಿ ಪೇಟೆಯ ಒಂದು ಸಣ್ಣ ಖಾನಾವಳಿ. ಕುಚ್ಚಲಕ್ಕಿ ಅನ್ನ, ರವೆ ಹಚ್ಚಿ ಹುರಿದ ಬಂಗುಡೆ, ತೆಂಗಿನಕಾಯಿ ರುಬ್ಬಿದ ಬಂಗುಡೆ ಸಾರು, ಒಂದು ಲೋಟ ಸೋಲ್ ಕಡಿ.

ಸಾರಿನಲ್ಲಿ ಕಪ್ಪಗೆ, ಬಾಯಿಬಿಟ್ಟ ಕಾಯಿ ತೇಲುತ್ತಿತ್ತು. ಜುಮ್ಮನಕಾಯಿ. ಕೊಂಕಣಿಯವರು ತೆಪ್ಪಲ್ ಅನ್ನುತ್ತಾರೆ. ಬಂಗುಡೆ, ತಾರ್ಲೆಯಂಥ ಎಣ್ಣೆ ಅಂಶದ ಮೀನಿಗೆ ಇದು ಬೇಕೇ ಬೇಕು, ವಾಸನೆ ಮುರಿಯುತ್ತದೆ. ಘಮಕ್ಕೆ ಹಾಕುವುದು, ಅಗಿಯುವುದಲ್ಲ. ಅದನ್ನು ಹೇಳುವಷ್ಟರಲ್ಲಿ ಇವಳು ಅಗಿದಾಗಿತ್ತು. ನಾಲಿಗೆ ಜುಂ ಅಂದು, ತುಟಿ ಮರಗಟ್ಟಿ, ಎರಡು ನಿಮಿಷ ಮಾತೇ ಇಲ್ಲ. ಈ ಭಾಗವನ್ನು ನಾನು ಕತ್ತರಿಸಿಲ್ಲ, ಅವಳ ಒಪ್ಪಿಗೆ ಪಡೆದೇ ಹಾಕಿದ್ದೇನೆ. ಬಡಿಸುತ್ತಿದ್ದ ಅಕ್ಕ ಸೋಲ್ ಕಡಿ ಇನ್ನೊಂದು ಲೋಟ ತಂದಿಟ್ಟರು. ಮುರುಗಲ ಹುಳಿ, ಕಾಯಿಹಾಲು, ಬೆಳ್ಳುಳ್ಳಿ. ಅದು ಹೋದ ಮೇಲೆಯೇ ಇವಳ ಧ್ವನಿ ಬಂತು. ಮೊದಲ ಮಾತು, "ಇನ್ನೊಂದು ಬಂಗುಡೆ ಹೇಳು."

ಮಧ್ಯಾಹ್ನ ಬಿಣಗಾ ಕಡೆ ಒಂದು ಸುತ್ತು ಹೋಗಿ ಬಂದೆವು. ಆ ಭಾಗದ ಶಾಟ್ ಇಲ್ಲ. ಅರಗಾದ ನೌಕಾನೆಲೆ, ಐಎನ್‌ಎಸ್ ಕದಂಬ, 2005ರಲ್ಲಿ ಸೇವೆಗೆ ಬಂದದ್ದು. ಸೀಬರ್ಡ್ ಯೋಜನೆ ಅಂತ ನಾವು ಕರೆಯುವುದು ಅದನ್ನೇ. ಅದಕ್ಕಾಗಿ ಇಲ್ಲಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದಿವೆ. ಮೀನುಗಾರರು ದಂಡೆಯನ್ನೇ ಬಿಟ್ಟಿದ್ದಾರೆ. ಕ್ಯಾಮೆರಾ ಚೀಲದೊಳಗೆ ಇಟ್ಟು, ಗೋಡೆ ನೋಡುತ್ತಾ ಹೋಗಿ ವಾಪಸ್ ಬಂದೆವು. ಆ ರಸ್ತೆಯಲ್ಲಿ ಕಡಲು ಪಕ್ಕದಲ್ಲೇ ಇದ್ದರೂ ತುಂಬಾ ದೂರದವರೆಗೆ ಕಾಣಿಸುವುದೇ ಇಲ್ಲ.

ಕೊನೆಗೆ ಪಟ್ಟಿಯಲ್ಲಿದ್ದದ್ದು ಒಂದಾದರೂ ಸಿಕ್ಕಿತು, ಸದಾಶಿವಗಡ. ಅದಕ್ಕೆ ಕಾಳಿ ಸೇತುವೆ ದಾಟಬೇಕು. ಇಲ್ಲಿ ಎರಡು ಸೇತುವೆ ಇದ್ದವು. ಸುಮಾರು ನಲವತ್ತು ವರ್ಷ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಹೋಗುತ್ತಿದ್ದ ಒಂದು ಲಾರಿ ಹೊಳೆಗೆ ಬಿತ್ತು. ಚಾಲಕ ಲಾರಿಯ ಮೇಲೆ ಹತ್ತಿ ಕೂತಿದ್ದ, ಮೀನುಗಾರರೂ ಪೊಲೀಸರೂ ಸೇರಿ ಅವನನ್ನು ಉಳಿಸಿದರು. ಹಗಲು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಕೋಡಿಬಾಗದಲ್ಲಿ ಇವತ್ತಿಗೂ ಮಾತಾಡಿಕೊಳ್ಳುತ್ತಾರೆ. ಸೇತುವೆ ಮೇಲೆ ಇವಳು ವಿಡಿಯೋ ಮಾಡಲಿಲ್ಲ. ನನ್ನ ಜಾಕೆಟ್ ಹಿಡಿದುಕೊಂಡಿದ್ದಳು.

ಗಡದ ಗುಡ್ಡ ಹೊಳೆ ಕಡಲು ಸೇರುವ ಮೂಲೆಯಲ್ಲೇ ಇದೆ. ಮೇಲೆ ದುರ್ಗಾದೇವಿ ಗುಡಿ, ಕೆಳಗೆ ದರ್ಗಾ. ಕೋಟೆಯ ಗೋಡೆ ಅಲ್ಲಲ್ಲಿ ಅಷ್ಟೇ ಉಳಿದಿದೆ. ದೊಡ್ಡ ಕೋಟೆ ನೋಡಲು ಬಂದವರಿಗೆ ಬೇಜಾರಾಗಬಹುದು. ಕಟ್ಟಿಸಿದ್ದು ಸೋದೆಯ ಅರಸ ಬಸವಲಿಂಗ, 18ನೇ ಶತಮಾನದ ಶುರುವಿನಲ್ಲಿ. ಹೆಸರಿಟ್ಟದ್ದು ತನ್ನ ತಂದೆ ಸದಾಶಿವನದು. ಮತ್ತೆ ಸೋದೆ! "ನಿಮ್ಮೂರವರಿಗೆ ಸ್ವಂತ ಊರಲ್ಲಿ ಕೆಲಸ ಇರ್ಲಿಲ್ವಾ?" ಅಂದಳು. ಇತ್ತು ಕಣೇ, ಮೆಣಸು ಬೆಳೆಯುವುದು. ಅದು ಹೊರಗೆ ಹೋಗುವ ಬಾಯಿ ಇಲ್ಲಿತ್ತು. ಅದಕ್ಕೇ ಇಲ್ಲಿ ಕಾವಲು ಬೇಕಿತ್ತು.

ಮೇಲಿಂದ ನೋಡಿದರೆ ಈ ಮಾತಿಗೆ ಪುರಾವೆಯೇ ಬೇಡ. ಎಡಕ್ಕೆ ತಿರುಗಿದರೆ ಕಾಳಿ ಬಂದ ದಾರಿ, ಮಣ್ಣುಬಣ್ಣದ ನೀರು, ಅದರ ಹಿಂದೆ ಘಟ್ಟದ ಮೋಡ. ನೇರಕ್ಕೆ ಕಾರವಾರ. ಬಲಕ್ಕೆ ಕಡಲು, ದೇವಬಾಗದ ಗಾಳಿಮರಗಳು, ದ್ವೀಪಗಳು. ಹೊಳೆಯೊಳಗೆ ಹೋಗುವ ಒಂದೊಂದು ದೋಣಿಯೂ ಇಲ್ಲಿಂದ ಕಾಣುತ್ತದೆ. ಹೊರಗಿನವರು ಕಾರವಾರವನ್ನು ಬೀಚ್ ಊರು ಅನ್ನುತ್ತಾರೆ. ನನಗಂತೂ ಇದು ಹೊಳೆಯ ಊರು. ಕಡಲು ಇದರ ಬಾಗಿಲು, ಅಷ್ಟೆ.

ಕೂರ್ಮಗಡ ಯಾವುದು ಅಂತ ಇವಳಿಗೆ ಬೆರಳು ಮಾಡಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಮಳೆ ಬಂತು. ಇಲ್ಲಿಯ ಮಳೆ ಹನಿಹನಿಯಾಗಿ ಶುರುವಾಗುವುದಿಲ್ಲ, ಕಡಲಿನ ಮೇಲಿಂದ ಬಿಳಿ ಗೋಡೆಯಾಗಿ ನಡೆದು ಬರುತ್ತದೆ. ಗುಡಿಯ ಮಾಡಿನ ಕೆಳಗೆ ಓಡಿದೆವು. ದೇವಬಾಗವೂ ಅಲ್ಲಿಗೆ ಮುಗಿಯಿತು.

ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮ ಮೊದಲು ಮಣೆಯ ವಿಷಯ ಕೇಳಿದರು. ಎತ್ತರ ಎಷ್ಟು ಹೇಳಿದಿರಿ, ಅಂದರು. ಇವಳು ಅಜ್ಜ ತೋರಿಸಿದ ಹಾಗೇ ಗಾಳಿಯಲ್ಲಿ ಕೈ ಅಳತೆ ತೋರಿಸಿದಳು. ಚಿಕ್ಕಮ್ಮ ಸರಿ ಎಂದು ತಲೆಯಾಡಿಸಿದರು. ಆಮೇಲೆ, "ಮತ್ತೆ, ಕಾರವಾರ ಪೂರ್ತಿ ನೋಡಿದ್ರಾ?"

"ಕಡವಾಡ ಪೂರ್ತಿ ನೋಡಿದ್ವಿ ಚಿಕ್ಕಮ್ಮ."

"ಕಡವಾಡವಾ? ಅಯ್ಯ, ಅಲ್ಲಿ ನೋಡೂಕೆ ಎಂತ ಉಂಟು?"